ಮೊಣಕಾಲಿನಿಂದ ಕೆಳಗೆ

ಮನೆ, ಮಹಡಿಯ ಕೋಣೆ
ಹದಿನೇಳನೇ ತಾರೀಕು, ಗುರುವಾರ, ತಿಂಡಿ ಆದ ಮೇಲೆ

ನನ್ನ ಮುದ್ದಿನ ಪಿಟೀಲಿಗೆ ಅಜ್ಜನ ಮನಸಾರೆ ಆಶೀರ್ವಾದ.

ಹೇಗಿದ್ದೀಯ ಮಗೂ? ಹೋದ ವಾರ ಫೋನಿನಲ್ಲಿ ನಿನ್ನ ಮೂಗು ಕಟ್ಟಿದ ದನಿ ಕೇಳಿಸಿತು. ಈಗ ವಾಸಿಯಾಗಿರಬೇಕು. ಆಗಿರದಿದ್ದರೆ ಆಫೀಸಿನಲ್ಲಿ ಆ ತಣ್ಣನೆ ಗಾಳಿಯ ಪೆಟ್ಟಿಗೆಯ ಕೆಳಗೇ ಕೂರುವುದನ್ನು ಬಿಟ್ಟು ಬೇರೆ ಕುರ್ಚಿ ಕೇಳು, ಕೇಳಿದರೆ ಯಾರೂ ತಿಂದುಹಾಕುವುದಿಲ್ಲ. ನಿನ್ನ ಅಮ್ಮನ ಭುಜದ ನೋವು ಹೇಗಿದೆ? ಡಾಕ್ಟರು ಹೇಳಿದ ವ್ಯಾಯಾಮವನ್ನೆಲ್ಲ ಮಾಡುತ್ತಿದ್ದೇನೆ ಎಂದು ನನ್ನ ಹತ್ತಿರ ಹೇಳುತ್ತಾಳೆ. ಅವಳನ್ನು ಎತ್ತಿ ಆಡಿಸಿದವನು ನಾನು, ಆ ರಾಗದಲ್ಲಿ ಹೇಳಿದಳೆಂದರೆ ಮಾಡುತ್ತಿಲ್ಲ ಎಂದೇ ಅರ್ಥ. ನೀನು ಎದುರಿಗೆ ನಿಂತು ಮಾಡಿಸು. ನಮ್ಮ ಸಮಾಚಾರ ಹೇಳುವುದಾದರೆ, ನನ್ನ ರಕ್ತದೊತ್ತಡ ಈಗ ಹೇಳಿದ ಮಾತು ಕೇಳುತ್ತಿದೆ, ಕಿವಿ ಮಾತ್ರ ಕೇಳುತ್ತಿಲ್ಲ. ನಿನ್ನ ಅಜ್ಜಿಯ ಎರಡನೇ ಕಣ್ಣಿನ ಆಪರೇಷನ್ನೂ ಚೆನ್ನಾಗಿ ಆಯಿತು. ಎಷ್ಟು ಚೆನ್ನಾಗಿ ಎಂದರೆ, ಹತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದೆ ನೆಮ್ಮದಿಯಾಗಿದ್ದ ಧೂಳೆಲ್ಲ ಒಂದೇ ವಾರದಲ್ಲಿ ಅವಳಿಗೆ ಕಂಡುಬಿಟ್ಟಿತು, ಒರೆಸುವ ಬಟ್ಟೆ ನನ್ನ ಕೈಗೆ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ ಇರಬೇಕು.

ಫೋನ್ ಇರುವಾಗ ಇದೇನು ಕಾಗದ ಬರೆಯುತ್ತಿದ್ದಾನೆ ಮುದುಕ ಎಂದುಕೊಳ್ಳುತ್ತೀ. ನನ್ನ ಕಿವಿಯ ದೆಸೆಯಿಂದ ಫೋನಿಗೆ ಸ್ಪೀಕರ್ ಹಾಕಲೇಬೇಕು. ಸ್ಪೀಕರ್ ಹಾಕಿದರೆ ಅಡುಗೆಮನೆಯಲ್ಲಿರುವ ನಿನ್ನ ಅಜ್ಜಿಗೆ ನನಗಿಂತ ಮೊದಲು ಕೇಳಿಸುತ್ತದೆ. ಈಗ ಹೇಳಬೇಕಾದ ವಿಷಯವನ್ನು ಅವಳ ಕಿವಿಗೆ ಬೀಳುವ ಹಾಗೆ ಹೇಳುವ ಧೈರ್ಯ ಇನ್ನೂ ನನಗೆ ಬಂದಿಲ್ಲ. ಮೊದಲು ನಿನಗೆ ಬರೆದು ಅಭ್ಯಾಸ ಮಾಡಿಕೊಳ್ಳುತ್ತೇನೆ.

ನೀನು ಕಳಿಸಿದ ಲಕೋಟೆ ಬಂದು ಐದು ದಿನವಾಯಿತು. ನನ್ನ ಗೆರೆ ಕಲಿಸಿದ ಕಂಪ್ಯೂಟರು ಬರೆದ ಆರು ಚಿತ್ರದ ಹಾಳೆಗಳು, ಒಂದು ಫಾರ್ಮು. ಚಿತ್ರಗಳನ್ನು ನೋಡಿ ನಾನು ಕುಣಿದಾಡದಿದ್ದದ್ದು ಮಂಡಿನೋವಿನಿಂದ ಮಾತ್ರ. ಚಿತ್ರ ಬರೆಯುವುದನ್ನು ಬಿಟ್ಟು ಹದಿನೇಳು ವರ್ಷವಾದವನ ಗೆರೆ, ಅವನು ಯಾವತ್ತೂ ಬರೆಯದ ಚಿತ್ರವಾಗಿ ಮನೆಬಾಗಿಲಿಗೆ ಬಂದರೆ ಹೇಗಾಗಬೇಡ? ಕ್ಷೌರದ ಅಂಗಡಿಯವನಿಗೆ ತೋರಿಸಿದೆ, ಔಷಧಿ ಅಂಗಡಿಯವನಿಗೆ ತೋರಿಸಿದೆ. ನನ್ನ ಮೊಮ್ಮಗಳು ಮಕ್ಕಳ ಪುಸ್ತಕದ ಕಂಪನಿಯಲ್ಲಿದ್ದಾಳೆ, ನಲವತ್ತು ಪುಟದ ಪುಸ್ತಕ ಪೂರ್ತಿ ಅವಳ ಜವಾಬ್ದಾರಿ, ಅದೂ ನನ್ನ ಶೈಲಿಯಲ್ಲಿ ಎಂದು ಹೇಳಿದೆ. ಅವರು ಕೇಳಿರಲಿಲ್ಲ, ನಾನೇ ಹೇಳಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಇಲ್ಲಿ ಹೆಗ್ಗಣವೇ ಎದ್ದು ಹೋಗಿ ತನ್ನ ಫೋಟೋ ಹಂಚುತ್ತಿತ್ತು. ಆಮೇಲೆ ಮನೆಗೆ ಬಂದು ಫಾರ್ಮು ಓದಿದೆ. ಅದರ ಮೂರನೇ ಅಂಶದಲ್ಲಿ, ಶೈಲಿ ಮಾದರಿಗೆ ಬಳಸಿದ ಇನ್ನೂರಹನ್ನೆರಡು ಚಿತ್ರಗಳೂ ಸಂಪೂರ್ಣವಾಗಿ ನನ್ನ ಒಬ್ಬನ ಕೈಯಿಂದಲೇ ಆದವು ಎಂದು ಬರೆದಿದೆ. ಅದರ ಕೆಳಗೆ ಸಹಿಗೆ ಜಾಗ. ಪೆನ್ನು ತೆಗೆದುಕೊಂಡೆ, ಕೆಳಗಿಟ್ಟೆ. ಆಮೇಲೆ ನೀನು ಎರಡು ಸಲ ಫೋನ್ ಮಾಡಿ, ಇಪ್ಪತ್ತೈದರೊಳಗೆ ಬೇಕು ಅಜ್ಜಾ ಎಂದೆ. ಎರಡು ಸಲವೂ ಕನ್ನಡಕ ರಿಪೇರಿಗೆ ಹೋಗಿದೆ ಎಂದೆ. ಕನ್ನಡಕ ನನ್ನ ಮೂಗಿನ ಮೇಲೇ ಇತ್ತು, ಈಗಲೂ ಇದೆ.

ಎಲ್ಲಿಂದ ಶುರು ಮಾಡಲಿ? ನೀನು ರಜೆ ಹಾಕಿ ಬಂದು ಮೂರು ವಾರ ಇದ್ದೆಯಲ್ಲ, ಅಲ್ಲಿಂದಲೇ ಮಾಡುತ್ತೇನೆ. ಟ್ರಂಕಿನಿಂದ ನನ್ನ ಹಳೇ ಚಿತ್ರಗಳನ್ನೆಲ್ಲ ತೆಗೆದು ಒಂದೊಂದನ್ನೂ ಸ್ಕ್ಯಾನ್ ಮಾಡಿದೆ. ನಿನ್ನ ಹಳೇ ಕಂಪ್ಯೂಟರನ್ನು ಈ ಕೋಣೆಯಲ್ಲೇ ಬಿಟ್ಟು, ಅಜ್ಜ ಸುಮ್ಮನೆ ಕೂತರೆ ಗೊಣಗುತ್ತಾನೆ ಎಂದು ನನಗೂ ಕೆಲಸ ಕಲಿಸಿದೆ. ಸ್ಕ್ರೀನಿನ ಮೇಲೆ ಚೌಕಚೌಕ ಪೆಟ್ಟಿಗೆಗಳು, ಒಂದರಿಂದ ಒಂದಕ್ಕೆ ತಂತಿ. ಮೊದಲನೇ ಪೆಟ್ಟಿಗೆಯಲ್ಲಿ ದೊಡ್ಡ ಮಾದರಿ. ಅದು ಊರಿನ ಎಲ್ಲ ಚಿತ್ರವನ್ನೂ ನೋಡಿದ್ದು, ಏನು ಹೇಳಿದರೂ ಬರೆಯುತ್ತದೆ, ಆದರೆ ಅದಕ್ಕೆ ತನ್ನದು ಅನ್ನುವ ಕೈ ಇಲ್ಲ. ಕೊನೆಯ ಪೆಟ್ಟಿಗೆಯಲ್ಲಿ ಚಿತ್ರ ಹೊರಗೆ ಬರುತ್ತದೆ. ನಡುವೆ ತಂತಿ ಕಿತ್ತು, ಅಲ್ಲಿ ಸಣ್ಣದೊಂದು ಪೆಟ್ಟಿಗೆ ಕೂರಿಸಬೇಕು. ಅದೇ ಶೈಲಿ ಮಾದರಿ, ಒಬ್ಬನ ಗೆರೆಯನ್ನು ಮಾತ್ರ ಅರೆದು ಕುಡಿಸಿದ ಸಣ್ಣ ಫೈಲು. ಅದರ ಜೋರು ಎಷ್ಟಿರಬೇಕೆಂದು ಸೊನ್ನೆಯಿಂದ ಒಂದರವರೆಗೆ ಅಂಕಿ ಕೊಡಬೇಕು. ನಾನು ಮೊದಲ ದಿನವೇ ಧಾರಾಳವಾಗಿ ಎರಡು ಕೊಟ್ಟೆ. ಹೊರಗೆ ಬಂದ ಹುಡುಗನಿಗೆ ಮೂರು ಮೂಗು, ಮೈಯೆಲ್ಲ ಸೀದ ರೊಟ್ಟಿ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಜ್ಜಾ, ಅರ್ಧಕ್ಕಿಂತ ಸ್ವಲ್ಪ ಮೇಲಿದ್ದರೆ ಸಾಕು, ನೀನು ಪೂರ್ತಿ ಬಂದರೆ ತಡೆಯೋಕಾಗಲ್ಲ ಅಂದೆ. ನಿನ್ನ ಅಜ್ಜಿ ಕೆಳಗಿನಿಂದ, ಅದು ಈಗ ಗೊತ್ತಾಯ್ತೇನೇ ನಿಂಗೆ ಎಂದಳು. ಆ ಶೈಲಿಯನ್ನು ಕರೆಯಲು ಯಾವ ನಿಘಂಟಿನಲ್ಲೂ ಇಲ್ಲದ ಒಂದು ಪದ ಬೇಕು ಎಂದು ನೀನೇ ಅಜ್ಜಗೆರೆ ಎಂದು ಹೆಸರಿಟ್ಟೆ. ಅಜ್ಜಗೆರೆ, ಕೊಡೆ ಹಿಡಿದ ಹುಡುಗಿ ಎಂದು ಟೈಪು ಮಾಡಿದರೆ, ನಾನು ಬರೆದ ಹಾಗೆಯೇ ಕೊಡೆ ಹಿಡಿದ ಹುಡುಗಿ.

ಇಷ್ಟರ ನಡುವೆ ನೀನು ಒಂದು ಮಾತು ಹೇಳಿದೆ. ನಿನಗೆ ಅದು ಪಾಠ, ನನಗೆ ಅಲ್ಲಿಂದಲೇ ಸಂಕಟ ಶುರುವಾಯಿತು. ಪ್ರತಿ ಚಿತ್ರದ ಜೊತೆ ಅದರಲ್ಲಿ ಏನೇನಿದೆ ಎಂದು ಒಂದು ಸಾಲು ಬರೆದಿಡಬೇಕು. ಬರೆದದ್ದನ್ನು ಯಂತ್ರ ಬೇಕಾದಾಗ ಹಾಕುತ್ತದೆ, ಬೇಡದಾಗ ತೆಗೆಯುತ್ತದೆ. ಬರೆಯದೆ ಬಿಟ್ಟದ್ದು ಮಾತ್ರ ಶೈಲಿಯೊಳಗೆ ಇಂಗಿ ಕೂತುಬಿಡುತ್ತದೆ ಎಂದೆ. ನೀನು ಸಾಲು ಬರೆಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಹುಡುಗಿ, ಕೊಡೆ, ಗೋಡೆ ಎಂದು ಬರೆದೆ. ಮುದುಕ, ಏಣಿ, ಬೆಕ್ಕು ಎಂದು ಬರೆದೆ. ಇನ್ನೂರಹನ್ನೆರಡು ಸಾಲಿನಲ್ಲಿ ಒಂದು ಕಡೆಯೂ ಕಾಲು ಎಂಬ ಪದ ಬರಲಿಲ್ಲ. ಯಾರು ತಾನೆ ಬರೆಯುತ್ತಾರೆ, ಮನುಷ್ಯ ಎಂದ ಮೇಲೆ ಕಾಲು ಇದ್ದೇ ಇರುತ್ತದೆ. ಆಮೇಲೆ ನಿನ್ನ ಮೇಲಿನವರಿಗೆ ಫೋನಿನಲ್ಲಿ ವರದಿ ಒಪ್ಪಿಸಿದೆ. ಮೇಲೆ ದಪ್ಪ ಗೆರೆ, ಕೆಳಗೆ ಹೋದ ಹಾಗೆ ತೆಳು, ಜನ ನೆಲದ ಮೇಲೆ ನಿಜವಾಗಿ ನಿಂತಿರುತ್ತಾರೆ, ಇದೇ ನಮ್ಮಜ್ಜನ ಶೈಲಿಯ ಗುಟ್ಟು ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳದೆ ಕೆಳಗಿಳಿದು ಹೋಗಿ ಎರಡು ಲೋಟ ನೀರು ಕುಡಿದೆ.

ಪಿಟೀಲೇ, ನನಗೆ ಕಾಲು ಬರೆಯಲು ಬರುವುದಿಲ್ಲ. ತಮಾಷೆ ಮಾಡುತ್ತಿಲ್ಲ. ಮುಖ ಬರೆದೇನು, ನಗು ಬರೆದೇನು, ಅಳುವ ಮೊದಲು ನಡುಗುವ ತುಟಿಯನ್ನೂ ಬರೆದೇನು. ಮೊಣಕಾಲು ದಾಟಿ ಕೆಳಗಿಳಿದೆನೋ, ಕಾಲ ಬದಲು ಎರಡು ಬದನೆಕಾಯಿ ಬರುತ್ತವೆ. ಮದುವೆಗೆ ಮೊದಲು ಐದು ವರ್ಷ ಮಕ್ಕಳ ಮಾಸಪತ್ರಿಕೆಗೆ ಬರೆದೆನಲ್ಲ, ಆ ಐದು ವರ್ಷ ನನ್ನ ಚಿತ್ರದ ಒಬ್ಬನೂ ಬಟಾಬಯಲಿನಲ್ಲಿ ನಿಂತವನಲ್ಲ. ಒಬ್ಬ ಹುಲ್ಲಿನಲ್ಲಿ, ಒಬ್ಬ ಕಾಂಪೌಂಡಿನ ಹಿಂದೆ, ಒಬ್ಬಳು ದೋಣಿಯಲ್ಲಿ, ಒಬ್ಬ ಮೇಜಿನ ಆಚೆ. ಕಾಗದ ಸರಿಯಿಲ್ಲ, ಬ್ರಷ್ ಸರಿಯಿಲ್ಲ ಎಂದು ಸಬೂಬು ಹೇಳುತ್ತಿದ್ದೆ, ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ. ಸಂಪಾದಕರು ಗಟ್ಟಿ ಮನುಷ್ಯ. ಒಂದು ದಿನ ಕನ್ನಡಕದ ಮೇಲಿನಿಂದ ನೋಡಿ, ಏನ್ರೀ, ನಿಮ್ಮ ಕಡೆ ಯಾರಿಗೂ ಕಾಲಿಲ್ವಾ ಎಂದು ಕೇಳಿದರು. ಇಡೀ ಆಫೀಸು ನಕ್ಕಿತು. ನಾನೂ ನಕ್ಕೆ, ಕೆಲಸ ಉಳಿಯಬೇಕಿತ್ತಲ್ಲ.

ಅದೇ ವರ್ಷ ನಮ್ಮ ಮದುವೆಯಾಯಿತು. ನಿನ್ನ ಅಜ್ಜಿ ಆಗ ಷೂ ಅಂಗಡಿಯಲ್ಲಿ ಕೆಲಸಕ್ಕಿದ್ದಳೆಂದು ನಿನಗೆ ಗೊತ್ತು. ಅಲ್ಲಿ ಏನು ಮಾಡುತ್ತಿದ್ದಳೆಂದು ಕೇಳಿದ್ದೀಯೋ ಇಲ್ಲವೋ. ಅಳತೆ ಕೊಟ್ಟು ಮಾಡಿಸುವವರ ಪಾದವನ್ನು ಹಾಳೆಯ ಮೇಲೆ ಇಡಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಎಲ್ಲಿ ಉಬ್ಬು, ಎಲ್ಲಿ ಆಣಿ, ಯಾವ ಬೆರಳು ಯಾವುದರ ಮೇಲೆ ಹತ್ತಿದೆ ಎಂದು ಗುರುತು ಹಾಕುವ ಕೆಲಸ. ದಿನಕ್ಕೆ ಮೂವತ್ತು ನಲವತ್ತು ಜೊತೆ. ಹತ್ತು ಜೊತೆ ಹಾಕಿ ನೋಡಿ ಒಂದೂ ಕೊಳ್ಳದೆ ಹೋದವರ ಕಾಲು ಇನ್ನೂ ಚೆನ್ನಾಗಿ ನೆನಪಿರುತ್ತೆ ಎನ್ನುತ್ತಿದ್ದಳು. ಮದುವೆಯಾದ ನಾಲ್ಕನೇ ತಿಂಗಳು ನನಗೊಂದು ಕಥೆ ಬಂತು, ಶಾಲೆಯ ಓಟದ ಪಂದ್ಯ. ಓಟದಲ್ಲಿ ಹುಲ್ಲು ಎಲ್ಲಿಂದ ತರಲಿ? ಎಂಟು ಮಕ್ಕಳನ್ನು ಮೊಣಕಾಲಿನವರೆಗೆ ಬರೆದು, ಕೆಳಗೆ ಖಾಲಿ ಬಿಟ್ಟು, ತಲೆ ಕೆಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ಹದಿನಾರು ಕಾಲು ಓಡುತ್ತಿದ್ದವು. ಒಂದು ಹಿಮ್ಮಡಿ ಎತ್ತಿದೆ, ಒಂದು ಹೆಬ್ಬೆರಳು ಮಾತ್ರ ನೆಲಕ್ಕೆ ತಾಗಿದೆ, ಒಬ್ಬನ ಷೂ ಲೇಸು ಬಿಚ್ಚಿ ಹಿಂದೆ ಹಾರುತ್ತಿದೆ. ನಿನ್ನ ಅಜ್ಜಿ ಅಂಗಡಿಯ ಸಣ್ಣ ಪೆನ್ನನ್ನು ಒರೆಸಿ ಚೀಲಕ್ಕೆ ಹಾಕಿಕೊಂಡು ಕೆಲಸಕ್ಕೆ ಹೊರಟಿದ್ದಳು. ನಾನು ಮಸಿ ಒಣಗಿದೆಯೇ ಎಂದು ಮುಟ್ಟಿ ನೋಡಿ ಹಾಳೆ ಸುತ್ತಿಕೊಂಡೆ. ಚಿತ್ರ ಕೊಟ್ಟು ಬಂದೆ. ಸಂಪಾದಕರು ಎರಡು ನಿಮಿಷ ನೋಡಿ, ಈಗ ನೋಡಿ ಕಾಲು ಬಂತು ಎಂದರು.

ಅಲ್ಲಿಂದ ಮೂವತ್ತೈದು ವರ್ಷ ನಮ್ಮ ಮನೆಯಲ್ಲಿ ಅದೇ ಪದ್ಧತಿ. ನಾನು ಮೊಣಕಾಲಿನವರೆಗೆ ಬರೆದು ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಭಾರ ಇಟ್ಟು ಬಿಡುವುದು. ಅವಳು ಕೆಲಸ ಮುಗಿಸಿ ಬಂದು, ಪಾತ್ರೆ ತೊಳೆದು, ಕೈ ಒರೆಸಿಕೊಂಡು ಕೆಳಗಿನದ್ದು ಬರೆಯುವುದು. ನಿನ್ನ ಅಮ್ಮ ಹುಟ್ಟಿದ ವಾರವೂ ಬರೆದಳು. ಒಮ್ಮೆಯೂ, ಇವತ್ತು ಆಗುತ್ತಾ ಎಂದು ನಾನು ಕೇಳಲಿಲ್ಲ. ಹಾಳೆ ಇಟ್ಟರೆ ತುಂಬಿರುತ್ತದೆ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದ ಮೇಲೆ ಕೇಳುವುದೇನು ಎಂದುಕೊಂಡೆ. ಹೊರಗೆ ಯಾರಿಗೂ ಹೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ಜನ ಅಸಡ್ಡೆಗೆ ಹೇಳುತ್ತಾರೆ, ನಾನು ಆ ಗಿಡದ ಮದ್ದನ್ನೇ ಕುಡಿದು ಬದುಕಿ, ಗಿಡವೇ ಇಲ್ಲವೆಂದು ಸಾಧಿಸಿದವನು. ಗೋಡೆಯ ಮೇಲೆ ನನ್ನ ಪ್ರಶಸ್ತಿಯ ಫಲಕ ಇದೆಯಲ್ಲ, ನೀನು ಚಿಕ್ಕವಳಿದ್ದಾಗ ಅದನ್ನು ಗಂಟೆ ಎಂದು ಬಡಿಯುತ್ತಿದ್ದೆ. ಅದನ್ನು ಕೊಟ್ಟ ದಿನ ವೇದಿಕೆಯ ಮೇಲೆ ಒಬ್ಬರು ಹದಿನೈದು ನಿಮಿಷ ಮಾತಾಡಿದರು. ಈ ಕಲಾವಿದರ ಪಾತ್ರಗಳ ಪಾದಗಳು ಪುಟ ಬಿಟ್ಟು ಎದ್ದು ಬರುತ್ತವೆ ಎಂದರು. ನಾನು ವಿನಯದಿಂದ ತಲೆ ತಗ್ಗಿಸಿ ನಿಂತಿದ್ದೆ. ನಿನ್ನ ಅಜ್ಜಿ ಮೂರನೇ ಸಾಲಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು. ಮನೆಗೆ ಬರುವ ದಾರಿಯಲ್ಲಿ, ಆ ಭಾಷಣ ಮಾಡಿದವರ ಎಡಗಾಲಿನ ಷೂ ಅರ್ಧ ಅಳತೆ ಸಣ್ಣದು, ಪಾಪ ಎಂದಳು ಅಷ್ಟೆ. ಆ ದಿನ ನೆನೆದರೆ ನನಗೆ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ, ಅದಕ್ಕೆ ಇನ್ನೂ ಹೆಚ್ಚು ನಾಚಿಕೆಯಾಗುತ್ತದೆ.

ಫಾರ್ಮು ಬಂದ ಮರುದಿನ ನನಗೊಂದು ಹಟ ಹುಟ್ಟಿತು. ಅಷ್ಟಕ್ಕೂ ಕಾಲು ಎಷ್ಟು ಮಹಾ, ಚಿತ್ರದ ಮುಕ್ಕಾಲು ಪಾಲು ನನ್ನದೇ ತಾನೆ, ನನ್ನೊಬ್ಬನದೇ ಶೈಲಿ ಮಾದರಿ ಮಾಡಿ ನೋಡೇಬಿಡೋಣ ಎಂದು. ಮದುವೆಗೆ ಮೊದಲಿನ ಚಿತ್ರಗಳನ್ನು ಬೇರೆ ತೆಗೆದೆ, ನಲವತ್ತಾರು ಸಿಕ್ಕಿದವು. ನೀನು ಬರೆದಿಟ್ಟು ಹೋದ ಹಾಳೆಯನ್ನು ಮುಂದಿಟ್ಟುಕೊಂಡು, ಒಂದೊಂದೇ ಮೆಟ್ಟಿಲು ಹತ್ತುವ ಹಾಗೆ ಮಾಡುತ್ತಾ ಹೋದೆ. ಬೆಳಗ್ಗೆ ಒಂಬತ್ತಕ್ಕೆ ಹಚ್ಚಿದ್ದು ಊಟದ ಹೊತ್ತಿಗೆ ಮುಗಿಯಿತು. ಕಂಪ್ಯೂಟರಿನ ಬಿಸಿಗೆ ಕೋಣೆ ಎಷ್ಟು ಕಾದಿತ್ತೆಂದರೆ ನಿನ್ನ ಅಜ್ಜಿ ಎರಡು ಟವಲು ತಂದು ಒಣಹಾಕಿ ಹೋದಳು. ಹಳೇ ಫೈಲಿನ ಪೆಟ್ಟಿಗೆ ತೆಗೆದು ಹೊಸದನ್ನು ನಡುವೆ ಕೂರಿಸಿ, ತಂತಿ ಕೊಟ್ಟು, ಓಡುವ ಹುಡುಗಿ ಎಂದು ಟೈಪು ಮಾಡಿದೆ. ಹುಡುಗಿ ಬಂದಳು, ಮೊಣಕಾಲುದ್ದ ನೀರಿನಲ್ಲಿ. ಇನ್ನೊಮ್ಮೆ ಒತ್ತಿದೆ, ಗೋಡೆಯ ಹಿಂದೆ. ಮತ್ತೊಮ್ಮೆ ಒತ್ತಿದೆ, ಒಂದು ದೊಡ್ಡ ಬುಟ್ಟಿಯೊಳಗೆ ನಿಂತು ಓಡುತ್ತಿದ್ದಾಳೆ. ನಾಲ್ಕನೇ ಸಲ ಕುದುರೆಯ ಮೇಲೆ ಬಂದಳು, ಕುದುರೆಯ ಕಾಲಿಗೂ ಬೇಲಿ ಅಡ್ಡ. ಬಿಡದೆ ಆ ಜೋರಿನ ಅಂಕಿಯನ್ನು ಸೊನ್ನೆಗೆ ಇಳಿಸಿದೆ. ದೊಡ್ಡ ಮಾದರಿಯ ಸಪ್ಪೆ ಹುಡುಗಿ ಬಯಲಿನಲ್ಲಿ ನಿಂತಳು, ಒಂದು ಕಾಲಿಗೆ ಆರು ಬೆರಳಾದರೂ ಕಾಲು ಇತ್ತು. ಅರ್ಧಕ್ಕೆ ಏರಿಸಿದೆ, ಹುಲ್ಲು ಮೊಳೆಯಿತು. ಮುಕ್ಕಾಲಿಗೆ ಮೀನಖಂಡ ಮುಚ್ಚಿತು. ಒಂದಕ್ಕೆ ತಂದಾಗ ಮೊಣಕಾಲಿನವರೆಗೆ ಬಂದು ನಿಂತಿತು. ನಾನು ಹೆಚ್ಚಾದಷ್ಟೂ ಹುಲ್ಲು ಹೆಚ್ಚು. ಒಬ್ಬನೇ ಕೂತು ಗಟ್ಟಿಯಾಗಿ ನಕ್ಕೆ, ಆಮೇಲೆ ನಗು ನಿಂತುಹೋಯಿತು. ಮಾಸಪತ್ರಿಕೆಯ ಸಂಪಾದಕರಿಗೆ ಮುಚ್ಚಿಟ್ಟದ್ದು, ಪ್ರಶಸ್ತಿ ಕೊಟ್ಟವರಿಗೆ ಮುಚ್ಚಿಟ್ಟದ್ದು ಈ ಪೆಟ್ಟಿಗೆಗೆ ನಾಲ್ಕು ಗಂಟೆಯಲ್ಲಿ ಗೊತ್ತಾಗಿತ್ತು.

ಮರುದಿನ ಉಲ್ಟಾ ಮಾಡಿದೆ. ಉಳಿದ ನೂರರವತ್ತಾರು ಚಿತ್ರಗಳ ಕೆಳಗಿನ ಭಾಗವನ್ನು ಮಾತ್ರ ಕತ್ತರಿಸಿ ತೆಗೆದು, ಅದರಿಂದ ಇನ್ನೊಂದು ಮಾದರಿ ಮಾಡಿದೆ. ಹುಡುಗಿ, ಎತ್ತರದ ಶೆಲ್ಫಿನಿಂದ ಡಬ್ಬಿ ತೆಗೆಯುತ್ತಿದ್ದಾಳೆ ಎಂದು ಟೈಪು ಮಾಡಿದೆ. ಮುಖವಿಲ್ಲ, ಕೈಯಿಲ್ಲ. ಶೆಲ್ಫಿನ ಕೆಳಗೆ ತುದಿಬೆರಳಲ್ಲಿ ನಿಂತ ಎರಡು ಸಣ್ಣ ಪಾದಗಳು ಮಾತ್ರ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿತ್ತು. ಆ ಬೆರಳು ನನಗೆ ಗೊತ್ತು, ನಿನಗೂ ಗೊತ್ತು. ನಿನ್ನ ಅಮ್ಮನದು. ಏಳು ವರ್ಷದ ನಿನ್ನ ಅಮ್ಮ ಡಬ್ಬಿಗೆ ಕೈ ಹಾಕುತ್ತಿದ್ದಾಗ ಹೀಗೇ ನಿಲ್ಲುತ್ತಿದ್ದಳು. ಹಳೇ ಚಿತ್ರಗಳನ್ನು ತೆಗೆದು ನೋಡಿದರೆ, ರಾಜಕುಮಾರಿಯ ಕಾಲಿನಲ್ಲೂ ಆ ಬೆರಳು, ಹಾಲು ಮಾರುವವಳ ಕಾಲಿನಲ್ಲೂ ಆ ಬೆರಳು. ಎಷ್ಟೋ ಸಾವಿರ ಮಕ್ಕಳು ನಿನ್ನ ಅಮ್ಮನ ಕಾಲು ನೋಡುತ್ತಾ ಓದು ಕಲಿತಿದ್ದಾರೆ, ಮೇಲಿನ ಮುಖ ಬರೆದ ನನಗೇ ಅದು ಗೊತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ಅಜ್ಜಿ ನನ್ನ ಮಾತ್ರೆ ತೆಗೆದುಕೊಂಡು ಮಹಡಿ ಹತ್ತಿ ಬಂದಳು. ಸ್ಕ್ರೀನಿನ ತುಂಬ ಕಾಲುಗಳು. ಹೊಸ ಕಣ್ಣಿನಿಂದ ಬಗ್ಗಿ ನೋಡಿದಳು. ಇದು ನಮ್ಮಮ್ಮ ಅಲ್ವಾ, ಒಡೆದ ಹಿಮ್ಮಡಿ ಎಂದು ಒಂದರ ಮೇಲೆ ಬೆರಳಿಟ್ಟಳು. ಇನ್ನೊಂದಕ್ಕೆ, ಇದು ಅಂಗಡಿ ಎದುರಿನ ಬಸ್ ಕಂಡಕ್ಟರು ಎಂದಳು. ಆಮೇಲೆ ಇನ್ನೂ ನಾಲ್ಕೈದು ನೋಡಿ, ಇವೆಲ್ಲ ಯಾರದ್ದು, ಅರ್ಧ ಒಬ್ಬರದು ಅರ್ಧ ಒಬ್ಬರದು ಎಂದು, ಮಾತ್ರೆ ಮೇಜಿನ ಮೇಲಿಟ್ಟು ಹೋದಳು. ಇಷ್ಟು ವರ್ಷದ ಮೇಲೆ ತನ್ನ ಕೈಕೆಲಸ ಕಂಡು ಸಂತೋಷವಾಗಿರಬೇಕು, ತೋರಿಸಿಕೊಳ್ಳಲಿಲ್ಲ.

ಈಗ ನಾನು ತೀರ್ಮಾನಿಸಿದ್ದು ಹೀಗೆ. ಆ ಮೂರನೇ ಅಂಶಕ್ಕೆ ನಾನು ಸಹಿ ಹಾಕುವುದಿಲ್ಲ. ನಿಮ್ಮ ಆಫೀಸಿನವರು ಫಾರ್ಮನ್ನು ತಿದ್ದಿ, ಕಲಾವಿದರು ಎಂಬಲ್ಲಿ ಎರಡು ಹೆಸರಿಗೆ ಜಾಗ ಮಾಡಲಿ. ಮೊದಲು ಅವಳದು, ಆಮೇಲೆ ನನ್ನದು. ಪುಸ್ತಕದ ಮೇಲೂ ಹಾಗೇ ಬರಲಿ. ಅಜ್ಜಗೆರೆ ಎನ್ನುವ ಪದವನ್ನೂ ಬದಲಾಯಿಸು, ಯಂತ್ರಕ್ಕಾದರೂ ನಿಜ ಗೊತ್ತಿರಲಿ. ನಿನ್ನ ಮೇಲಿನವರು, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದರೆ ನನ್ನ ಫೋನ್ ನಂಬರು ಕೊಡು. ನನಗೆ ಬೈಗುಳ ಅರ್ಧ ಕೇಳಿಸುವುದಿಲ್ಲ, ಅವರಿಗೆ ಬೈದ ಸಮಾಧಾನ ಪೂರ್ತಿ ಸಿಗುತ್ತದೆ. ಸಾಯಂಕಾಲ ಇಬ್ಬರೂ ವಾಕಿಂಗ್ ಹೋದಾಗ ನಿನ್ನ ಅಜ್ಜಿಗೆ ಎಲ್ಲವನ್ನೂ ಹೇಳಿ ಅವಳ ಸಹಿ ಕೇಳುತ್ತೇನೆ. ಹಾಕುತ್ತಾಳೆ ಬಿಡು, ನಿನ್ನ ಪುಸ್ತಕ ಎಂದರೆ ಎರಡು ಸಲ ಹಾಕುತ್ತಾಳೆ. ನನಗಂತೂ ಈ ಕಾಗದ ಬರೆದು ಎದೆಯ ಮೇಲಿನ ಕಲ್ಲು ಇಳಿದಂತಾಗಿದೆ.

ನಿನ್ನ ಅಮ್ಮನಿಗೆ ನನ್ನ ಆಶೀರ್ವಾದ ಹೇಳು, ಅಪ್ಪನನ್ನು ಕೇಳಿದೆನೆಂದು ತಿಳಿಸು. ಊಟ ತಪ್ಪಿಸಬೇಡ. ಸ್ಕ್ರೀನು ನೋಡಿ ನೋಡಿ ಕಣ್ಣು ಕೆಡಿಸಿಕೊಳ್ಳಬೇಡ, ನಿನಗೆ ಇನ್ನೂ ಬಹಳ ದಿನ ಅವುಗಳ ಕೆಲಸವಿದೆ. ಕೈಗೆತ್ತಿಕೊಂಡ ಕೆಲಸ ಕೈಗೂಡಲಿ, ನೀನು ನೂರು ಕಾಲ ಚೆನ್ನಾಗಿ ಬಾಳು.

ಇಂತಿ, ಮುಖ ಬರೆಯುವ
ನಿನ್ನ ಅಜ್ಜ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ, ಅಂಚೆಯವನು ಬರುವುದಕ್ಕೆ ಅರ್ಧ ಗಂಟೆಯೂ ಇಲ್ಲ. ಸಾಯಂಕಾಲದವರೆಗೆ ತಡೆಯಲಾಗದೆ ಈಗಲೇ ಕೇಳಿಬಿಟ್ಟೆ. ಅವಳು ಇಸ್ತ್ರಿ ಮಾಡುತ್ತಿದ್ದಳು. ಫಾರ್ಮು, ಮೂರನೇ ಅಂಶ, ನಾನು ಸಹಿ ಹಾಕದ್ದು, ಮೊದಲು ಅವಳ ಹೆಸರು ಎಂದದ್ದು, ಎಲ್ಲ ಹೇಳಿದೆ. ಪೂರ್ತಿ ಕೇಳಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿ, ಈಗ ನೀವು ಕೇಳ್ತಾ ಇದ್ದೀರೋ, ಹೇಳ್ತಾ ಇದ್ದೀರೋ ಎಂದಳು. ಕೇಳ್ತಾ ಇದ್ದೀನಿ ಎಂದೆ. ಹಾಗಾದ್ರೆ ಬೇಡ ಎಂದಳು. ಹೆಸರು ಇನ್ನೂ ದೊಡ್ಡದಾಗಿ ಬೇಕೇನೋ ಎಂದು ನಾನು ಪೆದ್ದನ ಹಾಗೆ ಅದನ್ನೂ ಹೇಳಿದೆ. ಹೆಸರು ಯಾರಿಗೆ ಬೇಕು ರೀ, ಒಂದೊಂದು ಕಾಲನ್ನೂ ಇಂಥವರದ್ದು ಅಂತ ನೆನೆಸಿಕೊಂಡು ಬರೆದಿದ್ದೀನಿ, ಅವರನ್ನೆಲ್ಲ ಕಲಸಿ ಯಾರದ್ದೂ ಅಲ್ಲದ ಕಾಲು ಮಾಡೋಕೆ ನಾನು ಕೊಡಲ್ಲ ಎಂದಳು. ಸ್ವಿಚ್ಚು ಹಾಕಿ ನನ್ನ ಅಂಗಿಯ ಕಾಲರು ತಿಕ್ಕತೊಡಗಿದಳು. ಇಲ್ಲಿನ ಕಂಪ್ಯೂಟರಿನಿಂದ ಅವಳ ಕಾಲಿರುವ ಮಾದರಿಗಳನ್ನೂ ಆ ನೂರರವತ್ತಾರು ಸ್ಕ್ಯಾನುಗಳನ್ನೂ ಈಗಷ್ಟೇ ಅಳಿಸಿದೆ, ಅಲ್ಲಿ ನೀನು ಅಳಿಸಬೇಕು. ಫಾರ್ಮಿನಲ್ಲಿ ಇನ್ನೂರಹನ್ನೆರಡು ಎಂಬುದನ್ನು ಹೊಡೆದು ನಲವತ್ತಾರು ಎಂದು ಬರೆದು ಸಹಿ ಹಾಕಿದ್ದೇನೆ, ಇದರ ಜೊತೆಗಿದೆ. ನಿನ್ನ ಮೊದಲ ಪುಸ್ತಕಕ್ಕೆ ಇದು ದೊಡ್ಡ ಪೆಟ್ಟು, ನನಗೆ ಗೊತ್ತು. ನೀನು ಈ ಕಾಗದ ಓದಿದ ತಕ್ಷಣ ಅಜ್ಜಿಗೆ ಫೋನ್ ಮಾಡಿ ಮುದ್ದು ಮಾಡಿ ಒಪ್ಪಿಸಬೇಕೆಂದುಕೊಳ್ಳುತ್ತೀ. ನಿನ್ನ ಮೇಲಿನ ಪ್ರೀತಿಗೆ ಅವಳು ಒಪ್ಪಿಯೂಬಿಟ್ಟಾಳು, ಅದಕ್ಕೇ ಹೇಳುತ್ತಿದ್ದೇನೆ. ಮದುವೆಯಾಗಿ ಐವತ್ತೆರಡು ವರ್ಷದಲ್ಲಿ ನಾನು ಅವಳನ್ನು ಕೇಳಿದ್ದು ಇದೊಂದೇ ಸಲ. ನೀನು ಎರಡನೇ ಸಲ ಕೇಳಬೇಡ.